ಅರ್ಧ ಇಂಚಿನ ಪೈಪು, ಒಂದು ವಾರದ ಲೆಕ್ಕ

ಎಂಜಿನ್ ಕೆಲಸ ಈ ವಾರ ಒಂದಿಂಚೂ ಮುಂದೆ ಹೋಗಲಿಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂ ನೋಡಿ ಬಂದಾಗ ಹಿಡಿದ ಹುಚ್ಚು ಇದು: ಪುಟ್ಟ ಸ್ಟೀಮ್ ಎಂಜಿನ್, ಆದರೆ ಹಬೆ ಬದಲು ಕಂಪ್ರೆಸರ್ ಗಾಳಿ. ಈಗ ಗಾಳಿಗೆ ಅರ್ಧ ಇಂಚಿನ ಪೈಪ್ ಎಳೆಯಬೇಕು.

ಅಂದಾಜಿನಲ್ಲಿ ಬೇಡ, ಕಾರ್ಖಾನೆ ಪೈಪುಗಳ ಅಮೆರಿಕನ್ ನಿಯಮಾವಳಿ ಎಎಸ್‌ಎಂಇ ಬಿ31.3 ಕೋಡ್ ಪ್ರಕಾರವೇ ಪೈಪಿನ ದಪ್ಪ ನೋಡೋಣ ಅಂತ ಕೂತೆ. ಗಾಳಿಯ ಒತ್ತಡ 10 ಬಾರ್, ಅಂದರೆ 1 ಮೆಗಾಪಾಸ್ಕಲ್. ಪೈಪಿನ ಹೊರವ್ಯಾಸ 21.3 ಮಿ.ಮೀ. ಬೆಸುಗೆಯಿಲ್ಲದ ಎ106 ಗ್ರೇಡ್ ಬಿ ಉಕ್ಕಿನ ಪೈಪಿಗೆ ಕೋಡ್ ಒಪ್ಪುವ ಸ್ಟ್ರೆಸ್ ಮಿತಿ (ಲೋಹದೊಳಗಿನ ಎಳೆತ) 138 ಮೆಗಾಪಾಸ್ಕಲ್. ಗಾಳಿಯ ಒತ್ತಡವನ್ನು ವ್ಯಾಸದಿಂದ ಗುಣಿಸಿ, 138ಕ್ಕೆ ಒತ್ತಡದ 0.4 ಪಾಲು ಸೇರಿಸಿ, ಅದರ ಎರಡರಷ್ಟರಿಂದ ಭಾಗಿಸಿದೆ. ಬೇಕಾದ ದಪ್ಪ ಅಂತ ಬಂದದ್ದು 0.077 ಮಿ.ಮೀ. ಜೆರಾಕ್ಸ್ ಹಾಳೆಗಿಂತ ತೆಳು! ಎರಡು ಸಲ ಲೆಕ್ಕ ಮಾಡಿದೆ, ಅಷ್ಟೇ ಬಂತು.

ಅಸಲಿಗೆ ಗಾಳಿ ಕೇಳುವುದು ಅಷ್ಟೇ. ದಪ್ಪ ತಿನ್ನುವುದು ಬೇರೆಯವರು. ಥ್ರೆಡ್ ಹಾಕಿದರೆ 1.16 ಮಿ.ಮೀ. ಹೋಯಿತು. ಕಂಪ್ರೆಸರ್ ಗಾಳಿಯಲ್ಲಿ ನೀರಿನಂಶ ಇದ್ದೇ ಇರುತ್ತದೆ, ತುಕ್ಕಿಗೆ ಅಂತ 1.5 ಇಟ್ಟೆ. ಒಟ್ಟು 2.74. ಶೆಡ್ಯೂಲ್ ಅಂದರೆ ಪೈಪಿನ ದಪ್ಪದ ದರ್ಜೆ; ಶೆಡ್ಯೂಲ್ 40 ಪೈಪಿನ ದಪ್ಪ 2.77. ಸದ್ಯ, ಕೂದಲೆಳೆಯಲ್ಲಿ ಪಾಸು ಅಂತ ಮಲಗಿದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ನೆನಪಾಯಿತು: ಮಿಲ್ ಟಾಲರೆನ್ಸ್! ಹೇಳಿದ ದಪ್ಪಕ್ಕಿಂತ 12.5% ಕಡಿಮೆ ಕೊಟ್ಟರೂ ಮಿಲ್‌ನವರದು ತಪ್ಪಲ್ಲ. 2.74 ಅನ್ನು 0.875ರಿಂದ ಭಾಗಿಸಿದರೆ 3.13. ಶೆಡ್ಯೂಲ್ 40 ಫೇಲು.

ನಂಬಿಕೆ ಬರಲಿಲ್ಲ. ಗುಜರಿಯಿಂದ ತಂದ ಶೆಡ್ಯೂಲ್ 40 ತುಂಡೊಂದನ್ನು ಕೊಯ್ದು ಅಳೆದೆ. ವರ್ನಿಯರ್ ಕ್ಯಾಲಿಪರ್ 2.9 ತೋರಿಸಿತು. ಸುಳ್ಳು. ಅದರ ಚಪ್ಪಟೆ ದವಡೆ ಪೈಪಿನ ಒಳಗಿನ ಬಾಗಿಗೆ ಕೂರುವುದಿಲ್ಲ, ಅಂಚು ಎರಡೂ ಕಡೆ ತಾಗಿ ನಡುವೆ ಸಂದು ಉಳಿಯುತ್ತದೆ. ಒಳಗೆ ಸೈಕಲ್ ಬೇರಿಂಗಿನ ಗುಂಡು ಇಟ್ಟು ಅಳೆದು, ಗುಂಡಿನ ಅಳತೆ ಕಳೆದೆ. ಒಂದು ಕಡೆ 2.78, ಎದುರು ಕಡೆ 2.61. ಒಂದೇ ಪೈಪು, ಅಲ್ವಾ?

ಶೆಡ್ಯೂಲ್ 80 ತಂದೆ, ದಪ್ಪ 3.73. "ಬರೀ ಗಾಳಿಗೆ ಇಷ್ಟು ದಪ್ಪ ಯಾಕೆ ಸಾರ್, ಸುಮ್ನೆ ದುಡ್ಡು ದಂಡ" ಅಂದರು ಥ್ರೆಡ್ ಹಾಕಿಕೊಟ್ಟ ಟರ್ನರ್. ಹಾಕಿದ ಥ್ರೆಡ್ ತೋರಿಸಿ, "ಇಲ್ಲಿ ಎಷ್ಟು ಉಳಿದಿದೆ ನೋಡಿ" ಅಂದೆ. ನಕ್ಕರು.

ಭಾನುವಾರ ನೀರು ತುಂಬಿ ಒಂದೂವರೆ ಪಟ್ಟು, 15 ಬಾರ್ ಏರಿಸಿದೆ. ಹತ್ತು ನಿಮಿಷದಲ್ಲಿ ಗೇಜಿನ ಮುಳ್ಳು 13ಕ್ಕೆ ಇಳಿಯಿತು. ಪೈಪು ಗಟ್ಟಿಯಾಗೇ ಇದೆ. ಪೈಪು ತಿರುಗುವಲ್ಲಿ ಹಾಕಿದ ಎಲ್ಬೋ ಹತ್ತಿರ ಹನಿ. ಟೆಫ್ಲಾನ್ ಟೇಪು ಉಲ್ಟಾ ಸುತ್ತಿದ್ದೆ.