ಎದೆಗೆ ವೈರ್ ಅಂಟಿಸ್ಕೊಂಡು ಕಳೆದ ಒಂದು ದಿನ

ಪ್ರೆಗ್ನೆನ್ಸಿಲಿ ಎದೆ ಹೊಡ್ಕೊಳ್ಳೋದು ಕಾಮನ್ ಅಂತ ಎಲ್ರೂ ಹೇಳ್ತಾರೆ. ಸುಳ್ಳೇನಲ್ಲ, ನಿಜಾನೇ. ಆದ್ರೆ ಆ ಮಾತು ಕೇಳ್ಕೊಂಡು ಮನೆಗೆ ಬಂದ ರಾತ್ರೀನೂ ಎದೆ ಹೊಡ್ಕೊಳ್ಳುತ್ತಲ್ಲ, ಆಗ ಕತ್ತಲಲ್ಲಿ ಎದ್ದು ಕೂತ್ಕೊಂಡು ಏನ್ ಮಾಡ್ಬೇಕು ಅನ್ನೋದನ್ನ ಯಾರೂ ಹೇಳಿಕೊಡಲ್ಲ. ನನಗೆ ಅದು ಗೊತ್ತಾಗಿದ್ದು ಒಂದು ಪುಟ್ಟ ಮಷೀನಿಂದ, ಮತ್ತೆ ತಾಳ್ಮೆ ಇರೋ ಒಬ್ರು ಡಾಕ್ಟ್ರಿಂದ. ಈಗ ಇದೇ ಪರಿಸ್ಥಿತೀಲಿ ಇರೋರು ಯಾರಾದ್ರೂ ಓದ್ತಿದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನನಗೆ ಶುರುವಾಗಿದ್ದು ಐದನೇ ತಿಂಗಳಲ್ಲಿ. ಮೊದಮೊದ್ಲು ಮೆಟ್ಟಿಲು ಹತ್ತಿದ್ರೆ, ಸ್ನಾನ ಮುಗ್ಸಿ ಬಂದ್ರೆ, ಊಟ ಆದ್ಮೇಲೆ, ಹೀಗೆ ಏನಾದ್ರೂ ಕಾರಣ ಇದ್ದಾಗ ಮಾತ್ರ ಬರ್ತಿತ್ತು, ಆಮೇಲಾಮೇಲೆ ಸುಮ್ನೆ ಕೂತಿದ್ರೂ ಬರೋಕೆ ಶುರುವಾಯ್ತು. ಅದ್ರಲ್ಲೂ ಎರಡು ಥರ. ಒಂದು ಡವಡವ ಅಂತ ಜೋರಾಗಿ ಓಡೋದು, ಗಂಟ್ಲಲ್ಲಿ ಕಿವೀಲಿ ಎಲ್ಲಾ ಕಡೆ ಬಡಿತ ಕೇಳ್ಸುತ್ತೆ. ಇನ್ನೊಂದು ಬೇರೇನೇ, ಒಂದು ಬಡಿತ ತಪ್ಪಿಹೋದ ಹಾಗಾಗಿ ಒಂದು ಕ್ಷಣ ಖಾಲಿ, ಆಮೇಲೆ ಧಡ್ ಅಂತ ಒಂದು ಏಟು. ಮೆಟ್ಟಿಲು ಇಳೀವಾಗ ಇನ್ನೊಂದು ಮೆಟ್ಲಿದೆ ಅಂದ್ಕೊಂಡು ಕಾಲಿಟ್ಟಾಗ ಎದೆ ಧಸಕ್ ಅನ್ನುತ್ತಲ್ಲ, ಹಾಗೆ. ಅದಾದ ತಕ್ಷಣ ಕೈ ತಣ್ಣಗಾಗೋದು, ಉಸಿರು ಸಾಲ್ತಿಲ್ಲ ಅನ್ಸೋದು, ನನಗೇನೋ ಆಗುತ್ತೆ ಮಗೂಗೇನೋ ಆಗುತ್ತೆ ಅಂತ ದಿಗಿಲು, ಆ ದಿಗಿಲಿಗೆ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳೋದು. ಭಯ ಮೊದ್ಲು ಬಂತಾ, ಬಡಿತ ಮೊದ್ಲು ಬಂತಾ ಅಂತ ಗೊತ್ತಾಗ್ತಾನೇ ಇರ್ಲಿಲ್ಲ.

ಮೊದ್ಲು ತೋರಿಸ್ತಿದ್ದ ಕಡೆ ಹೇಳಿದ್ರೆ, ಇದೆಲ್ಲಾ ಇದ್ದಿದ್ದೇ, ಟೆನ್ಶನ್ ಮಾಡ್ಕೋಬೇಡಿ ಅಂದ್ರು, ನಾಡಿ ಕೂಡ ಹಿಡಿದು ನೋಡ್ಲಿಲ್ಲ. ಮನೇಲಿ ಹಿರಿಯರು ನಾವೂ ಹೆತ್ತಿದೀವಿ ಬಿಡು ಅಂದ್ರು. ಅವ್ರೆಲ್ಲಾ ಪ್ರೀತಿಯಿಂದ್ಲೇ ಹೇಳಿದ್ದು, ಗೊತ್ತು. ಆದ್ರೂ ನನ್ನ ಪ್ರಕಾರ ಟೆನ್ಶನ್ ಮಾಡ್ಕೋಬೇಡ ಅನ್ನೋದಷ್ಟು ಉಪಯೋಗಕ್ಕೆ ಬಾರದ ಮಾತು ಇನ್ನೊಂದಿಲ್ಲ. ಯಾರೂ ಬೇಕು ಅಂತ ಟೆನ್ಶನ್ ಮಾಡ್ಕೊಳ್ಳಲ್ಲ. ಆ ಮಾತು ಕೇಳಿದ್ಮೇಲೆ ಆಗೋದು ಇಷ್ಟೇ, ಭಯ ಹಾಗೇ ಇರುತ್ತೆ, ಅದನ್ನ ಹೇಳ್ಕೊಳ್ಳೋ ಬಾಯಿ ಮುಚ್ಚಿಹೋಗುತ್ತೆ.

ಒಂದಿನ ನಿಂತಿದ್ದ ಹಾಗೇ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡೆ. ಅವತ್ತು ನನ್ನ ಗಂಡ ಇನ್ನು ಕಾಯೋದು ಬೇಡ ಅಂತ ಬೇರೆ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಅವ್ರು ಮೊದ್ಲು ಮಾಡಿದ ಕೆಲ್ಸ ನಾಡಿ ಹಿಡಿದು ವಾಚ್ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದ್ದು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಕೇಳಿದ್ರು, ಬಡಿತ ಒಂದೇ ಸಲಕ್ಕೆ ಶುರುವಾಗಿ ಒಂದೇ ಸಲಕ್ಕೆ ನಿಲ್ಲುತ್ತಾ ಅಥ್ವಾ ಮೆಲ್ಲಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಾ, ಎದೆ ನೋವಿದ್ಯಾ, ಎಚ್ರ ತಪ್ಪಿದ್ದಿದ್ಯಾ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದಿದ್ಯಾ, ಕಾಫಿ ಎಷ್ಟು ಕುಡೀತೀರ, ರಾತ್ರಿ ಹೇಗೆ ಮಲಗ್ತೀರ. ಇಷ್ಟು ಪ್ರಶ್ನೆ ಯಾರೂ ಕೇಳಿರ್ಲಿಲ್ಲ ನನ್ನ.

ಬ್ಲಡ್ ಟೆಸ್ಟಲ್ಲಿ ಹಿಮೋಗ್ಲೋಬಿನ್ 9.4 ಬಂತು. ಈ ತಿಂಗಳುಗಳಲ್ಲಿ 10.5ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ, ರಕ್ತದಲ್ಲಿ ಆಕ್ಸಿಜನ್ ಹೊರೋ ಶಕ್ತಿ ಕಮ್ಮಿ ಇದ್ರೆ ಅದನ್ನ ಸರಿದೂಗಿಸೋಕೆ ಹೃದಯ ಬೇಗ ಬೇಗ ಬಡ್ಕೋಬೇಕು. ಅಂದ್ರೆ ನನ್ನ ಎದೆ ಹೊಡ್ಕೊಳ್ಳೋದಕ್ಕೆ ಒಂದು ಕಾರಣ ರಕ್ತದಲ್ಲೇ ಇತ್ತು, ಒಂದು ಟೆಸ್ಟ್ ಮಾಡ್ಸಿದ್ರೆ ಮುಂಚೇನೇ ಗೊತ್ತಾಗ್ತಿತ್ತು. ಥೈರಾಯ್ಡ್ ನಾರ್ಮಲ್. ಇಸಿಜಿ ನಾರ್ಮಲ್. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಅದೂ ನಾರ್ಮಲ್, ಹೃದಯದ ವಾಲ್ವ್ ಎಲ್ಲಾ ಸರಿಯಾಗಿದೆ. ಆದ್ರೆ ಇಸಿಜಿ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಬಡಿತ ಮಾತ್ರ ತೋರ್ಸುತ್ತೆ, ಆ ಹತ್ತು ಸೆಕೆಂಡಲ್ಲಿ ನನ್ನ ಧಡ್ ಬರ್ಬೇಕಲ್ಲ. ಅದಕ್ಕೆ ಒಂದು ದಿನ ಪೂರ್ತಿ ಹೋಲ್ಟರ್ ಹಾಕೋಣ ಅಂದ್ರು.

ಹೋಲ್ಟರ್ ಅಂದ್ರೆ ಮುಷ್ಟಿ ಗಾತ್ರದ ಒಂದು ಡಬ್ಬಿ, ಸೊಂಟಕ್ಕೆ ಸಿಕ್ಕಿಸ್ಕೊಳ್ಳೋದು, ಅದ್ರಿಂದ ವೈರುಗಳು ಎದೆ ಮೇಲೆ ಅಂಟ್ಸಿರೋ ಗುಂಡು ಸ್ಟಿಕ್ಕರುಗಳಿಗೆ ಹೋಗುತ್ತೆ. 24 ಗಂಟೆ ಒಂದೊಂದು ಬಡಿತಾನೂ ಅದ್ರಲ್ಲಿ ರೆಕಾರ್ಡ್ ಆಗ್ತಿರುತ್ತೆ. ಟೆಕ್ನೀಷಿಯನ್ ಸ್ಪಿರಿಟ್ ಹಚ್ಚಿ ಉಜ್ಜಿ ಸ್ಟಿಕ್ಕರ್ ಒತ್ತಿ ಅಂಟ್ಸಿ, ಇವತ್ತು ಸ್ನಾನ ಬೇಡ, ಬೇರೆ ಎಲ್ಲಾ ಮಾಮೂಲಿ ಕೆಲ್ಸ ಮಾಡಿ, ಮಲ್ಕೊಂಡೇ ಇದ್ಬಿಟ್ರೆ ಉಪಯೋಗ ಇಲ್ಲ ಅಂದ್ರು. ಡಬ್ಬಿ ಮೇಲೆ ಒಂದು ಬಟನ್, ಎದೆ ಹೊಡ್ಕೊಂಡಾಗ ಒತ್ಬೇಕು. ಜೊತೆಗೆ ಒಂದು ಹಾಳೆ, ಟೈಮ್ ಎಷ್ಟು, ಏನ್ ಮಾಡ್ತಿದ್ರಿ, ಏನ್ ಅನ್ಸ್ತು ಅಂತ ಬರೆಯೋಕೆ.

ಆ ಹಾಳೆ ಇನ್ನೂ ನನ್ನ ಫೈಲಲ್ಲಿದೆ. ಮಧ್ಯಾಹ್ನ 3.10, ಬಟ್ಟೆ ಮಡಚ್ತಿದ್ದೆ, ಧಡ್ ಅಂತು ಎರಡು ಸಲ. ಸಂಜೆ 7.40, ಅಮ್ಮನ ಹತ್ರ ಫೋನಲ್ಲಿ ಮಾತು, ಬಡಿತ ಜೋರು. ರಾತ್ರಿ 2.15, ಎಚ್ರ ಆಯ್ತು, ತುಂಬಾ ತುಂಬಾ ಜೋರು, ಭಯ. 2.15ರ ಸಾಲು ಕೈ ನಡುಗಿ ಬರ್ದಿರೋದು, ಅಕ್ಷರ ಹಾಳೆಯಿಂದ ಆಚೆ ಹೋಗಿದೆ. ಆ ಹೊತ್ತಲ್ಲಿ ನಾನು ಅಂಗಾತ ಮಲಗಿದ್ದೆ, ಕುತ್ತಿಗೆ ಹತ್ರ ಸ್ಟಿಕ್ಕರ್ ಕೆರೀತಿತ್ತು, ಬಟನ್ ಒತ್ತಿ ಎದ್ದು ಕೂತು, ಇದು ನನ್ನ ಹೃದಯ ನಿಲ್ಲೋ ಟೈಮು ಅಂತ ನಿಜವಾಗ್ಲೂ ಅಂದ್ಕೊಂಡೆ. ಆದ್ರೂ ಪ್ರತಿ ರಾತ್ರಿಗಿಂತ ಒಂದು ವ್ಯತ್ಯಾಸ ಇತ್ತು. ಏನಾಗ್ತಿದ್ಯೋ ಅದನ್ನ ಯಾರೋ ಬರ್ಕೊಳ್ತಿದಾರೆ, ನಾಳೆ ಇದು ಸುಮ್ನೆ ನನ್ನ ಬಾಯಿಮಾತಾಗಿ ಉಳಿಯಲ್ಲ ಅಂತ ಒಂದು ಧೈರ್ಯ.

ರಿಪೋರ್ಟ್ ಬಂದ್ಮೇಲೆ ಡಾಕ್ಟ್ರು ಗೆರೆಗಳನ್ನ ತೋರ್ಸಿ ತೋರ್ಸಿ ಹೇಳಿದ್ರು. 3.10ಕ್ಕೆ ನಿಜವಾಗ್ಲೂ ಎಕ್ಸ್‌ಟ್ರಾ ಬೀಟ್ ಇತ್ತು. ಒಂದು ಬಡಿತ ತನ್ನ ಸರದಿಗಿಂತ ಮುಂಚೆ ಬಂದ್ಬಿಡುತ್ತೆ, ಆಮೇಲೆ ಸ್ವಲ್ಪ ಗ್ಯಾಪ್, ಆ ಗ್ಯಾಪಲ್ಲಿ ಹೃದಯದೊಳಗೆ ಮಾಮೂಲಿಗಿಂತ ಜಾಸ್ತಿ ರಕ್ತ ತುಂಬ್ಕೊಳ್ಳುತ್ತೆ, ಅದನ್ನ ತಳ್ಳೋ ಮುಂದಿನ ಬಡಿತಾನೇ ನನಗೆ ಧಡ್ ಅನ್ಸೋದು. ಬಡಿತ ತಪ್ಪಿರೋದೇ ಇಲ್ಲ, ಮುಂಚೆ ಬಂದಿರುತ್ತೆ ಅಷ್ಟೆ. ಹೃದಯದ ರಚನೆ ಸರಿ ಇರೋರಲ್ಲಿ ಅಲ್ಲೊಂದು ಇಲ್ಲೊಂದು ಹೀಗೆ ಬಂದ್ರೆ ಸಾಮಾನ್ಯವಾಗಿ ಅಪಾಯ ಇಲ್ಲ ಅಂದ್ರು.

ಆದ್ರೆ ರಾತ್ರಿ 2.15ಕ್ಕೆ, ನಾನು ಸಾಯ್ತೀನಿ ಅಂದ್ಕೊಂಡಿದ್ದ ಹೊತ್ತಿಗೆ, ಒಂದೇ ಒಂದು ಎಕ್ಸ್‌ಟ್ರಾ ಬೀಟ್ ಇರ್ಲಿಲ್ಲ. ರಿದಮ್ ಪೂರ್ತಿ ಸರಿಯಾಗಿತ್ತು, ಸ್ಪೀಡ್ ಮಾತ್ರ 118ರವರೆಗೆ ಮೆಲ್ಲಗೆ ಏರಿ ಮೆಲ್ಲಗೆ ಇಳ್ದಿತ್ತು. ಇನ್ನೂ ಆಶ್ಚರ್ಯ ಏನಂದ್ರೆ, ಬೆಳಗಿನ ಜಾವ ನಾನು ಗಾಢವಾಗಿ ನಿದ್ದೆ ಮಾಡ್ತಿದ್ದಾಗ ಸುಮಾರು ಎಕ್ಸ್‌ಟ್ರಾ ಬೀಟ್ ಬಂದು ಹೋಗಿತ್ತು, ನನಗೆ ಗೊತ್ತೇ ಆಗಿಲ್ಲ. ನನ್ನ ಭಯದ ಅಳತೆಗೂ ನನ್ನ ಹೃದಯದ ಕೆಲಸಕ್ಕೂ ಹೊಂದಾಣಿಕೇನೇ ಇರ್ಲಿಲ್ಲ. ಅದನ್ನ ಬಾಯಲ್ಲಿ ಸಾವಿರ ಸಲ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ, ಗೆರೆ ನೋಡಿ ನಂಬಿದೆ.

ಬಸುರಿ ಹೃದಯ ಯಾಕೆ ಜೋರಾಗಿ ಕೆಲ್ಸ ಮಾಡುತ್ತೆ ಅನ್ನೋದನ್ನೂ ಅವತ್ತೇ ವಿವರವಾಗಿ ಹೇಳಿದ್ರು. ಕೊನೇ ತಿಂಗಳುಗಳ ಹೊತ್ತಿಗೆ ಮೈಯಲ್ಲಿನ ರಕ್ತ ಸುಮಾರು 40ರಿಂದ 50 ಪರ್ಸೆಂಟ್ ಜಾಸ್ತಿಯಾಗಿರುತ್ತಂತೆ, ಹಾರ್ಮೋನಿಂದ ರಕ್ತನಾಳಗಳು ಸಡಿಲ ಆಗುತ್ತೆ, ನಾಡಿ ನಿಮಿಷಕ್ಕೆ ಹತ್ತಿಪ್ಪತ್ತು ಬಡಿತ ಏರುತ್ತೆ. ಉಸಿರು ಸಾಲಲ್ಲ ಅನ್ಸೋದಕ್ಕೂ ಪ್ರೊಜೆಸ್ಟರಾನ್ ಹಾರ್ಮೋನಿಗೂ ಸಂಬಂಧ ಇದೆ. ಅಂಗಾತ ಮಲಗಿದ್ರೆ ಗರ್ಭಕೋಶದ ಭಾರ ಬೆನ್ನುಮೂಳೆ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿಯಾಗುತ್ತೆ, ಆಗ ಬಿಪಿ ಇಳಿದು ಎದೆ ಹೊಡ್ಕೊಳ್ಳುತ್ತೆ, ಅದಕ್ಕೆ ಒಂದು ಮಗ್ಗುಲಿಗೆ, ಅದ್ರಲ್ಲೂ ಎಡಕ್ಕೆ ಮಲಗಿ ಅನ್ನೋದು. ಮಗೂಗೆ ಏನಾದ್ರೂ ಆಗುತ್ತಾ ಅಂತ ಕೇಳ್ದೆ. ಮಗುವಿನ ಹೃದಯ ತನ್ನ ಪಾಡಿಗೆ ನಿಮಿಷಕ್ಕೆ 110ರಿಂದ 160 ಸಲ ಬಡ್ಕೊಳ್ಳುತ್ತೆ, ನಿಮ್ಮ ಒಂದು ಧಡ್ ಅದಕ್ಕೆ ಏನೂ ಮಾಡಲ್ಲ ಅಂದ್ರು.

ಇಷ್ಟಕ್ಕೇ ಮುಗೀತು ಅಂದ್ಕೊಂಡು ಎದ್ದೆ. ಅವ್ರು ಕೂತ್ಕೊಳ್ಳಿ ಅಂದ್ರು. ಹೃದಯದ ವಿಷ್ಯ ಆಯ್ತು, ರಾತ್ರಿ 2.15ರ ಭಯದ ವಿಷ್ಯ ಇನ್ನೂ ಆಗಿಲ್ಲ, ಅದಕ್ಕೂ ಚಿಕಿತ್ಸೆ ಬೇಕು ಅಂತ ಒಂದು ಫಾರಂ ಕೊಟ್ರು. ಎಡಿನ್‌ಬರೋ ಸ್ಕೇಲ್ ಅಂತ, ಹತ್ತು ಪ್ರಶ್ನೆ, ಕಳೆದ 7 ದಿನ ಮನಸ್ಸು ಹೇಗಿತ್ತು ಅಂತ ಟಿಕ್ ಮಾಡೋದು. 1987ರಲ್ಲಿ ಬಾಣಂತಿಯರಿಗೆ ಅಂತ ಮಾಡಿದ್ದು, ಈಗ ಬಸುರೀಲೂ ಬಳಸ್ತಾರೆ. ಕೊನೇ ಪ್ರಶ್ನೆ ತನಗೆ ತಾನೇ ತೊಂದ್ರೆ ಮಾಡ್ಕೊಳ್ಳೋ ಯೋಚ್ನೆ ಬಂದಿದ್ಯಾ ಅಂತ. ನನಗೆ ಬಂದಿರ್ಲಿಲ್ಲ, ಆದ್ರೆ ಯಾರಿಗಾದ್ರೂ ಬಂದಿದ್ರೆ ದಯವಿಟ್ಟು ಅವತ್ತೇ ಯಾರಿಗಾದ್ರೂ ಹೇಳಿ, ಮುಂದಿನ ಚೆಕಪ್‌ವರೆಗೂ ಇಟ್ಕೋಬೇಡಿ. ಉಳಿದ ಪ್ರಶ್ನೆಗಳಲ್ಲಿ ನನ್ನ ಸ್ಕೋರ್ ಜಾಸ್ತೀನೇ ಬಂತು, ಕೌನ್ಸೆಲರ್ ಹತ್ರ ಕಳಿಸಿದ್ರು.

ಆ ಕೌನ್ಸೆಲರ್ ಮುಂದೆ ಕೂತಾಗ್ಲೇ ನಾನು ಮೊದ್ಲ ಸಲ ಬಾಯಿಬಿಟ್ಟು ಹೇಳಿದ್ದು, ಇದು ನನ್ನ ಎರಡನೇ ಬಸುರು ಅಂತ. ಮೊದಲನೇದ್ರಲ್ಲಿ ಸ್ಕ್ಯಾನಿಂಗ್ ಟೇಬಲ್ ಮೇಲೆ ಮಲಗಿದ್ದಾಗ ಸ್ಕ್ಯಾನ್ ಮಾಡ್ತಿದ್ದೋರು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸ್ಬಿಟ್ಟು, ಸ್ಕ್ರೀನ್ ಆ ಕಡೆ ತಿರುಗ್ಸಿ, ಆಮೇಲೆ ಹಾರ್ಟ್ ಬೀಟ್ ಸಿಗ್ತಿಲ್ಲಮ್ಮ ಅಂದಿದ್ರು. ಅದನ್ನ ಹೇಳಿ ಮುಗ್ಸೋವಷ್ಟರಲ್ಲಿ ತುಂಬಾ ಹೊತ್ತಾಯ್ತು. ಬಡಿತ ನಿಂತ ಸುದ್ದಿ ಒಂದ್ಸಲ ಕೇಳಿರೋ ಮನಸ್ಸು ಈಗ ತನ್ನ ಎದೆಯ ಒಂದೊಂದು ಬಡಿತಾನೂ ಕಾವಲು ಕಾಯ್ತಿದೆ, ಅದ್ರಲ್ಲಿ ಹುಚ್ಚುತನ ಏನಿಲ್ಲ ಅಂದ್ರು ಅವ್ರು. ಮನೇಲಿ ಎಲ್ರೂ ಆ ವಿಷ್ಯ ಮರೀಲಿ ಅಂತ ಮಾತೇ ಎತ್ತುತಿರ್ಲಿಲ್ಲ. ಬಸುರಿಯರ ಚೆಕಪ್ ಮಾಡೋ ಪ್ರತಿ ಕಡೇನೂ ತೂಕ ಬಿಪಿ ನೋಡೋ ಹಾಗೆ ಈ ಹತ್ತು ಪ್ರಶ್ನೇನೂ ಕೇಳ್ಬೇಕು, ಹಿಂದೆ ಮಗು ಕಳ್ಕೊಂಡೋರಿಗಂತೂ ಕೇಳಲೇಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ.

ಆಮೇಲೆ ಬಡಿತ ಬಂದಾಗ ಏನ್ ಮಾಡ್ತಿದ್ದೆ ಅಂದ್ರೆ, ಮೊದ್ಲು ಎಡಕ್ಕೆ ತಿರುಗೋದು ಅಥ್ವಾ ಎದ್ದು ಕೂತು ಪಾದ ನೆಲಕ್ಕೆ ಊರೋದು. ಉಸಿರು ಎಳ್ಕೊಳ್ಳೋದಕ್ಕಿಂತ ಬಿಡೋದನ್ನ ನಿಧಾನ ಮಾಡೋದು, ನಾಲ್ಕು ಎಣಿಸ್ತಾ ಒಳಗೆ, ಆರು ಎಣಿಸ್ತಾ ಹೊರಗೆ. ಶುರುವಿನಲ್ಲಿ ಇದು ಕೆಲ್ಸ ಮಾಡಲ್ಲ ಅನ್ಸುತ್ತೆ, ಗಾಬರಿ ಇಲ್ದೇ ಇರೋ ಹೊತ್ತಲ್ಲೂ ದಿನಾ ಮಾಡಿ ಅಭ್ಯಾಸ ಆದ್ಮೇಲೇ ಗಾಬರಿ ಹೊತ್ತಿಗೆ ಕೈಗೆ ಸಿಗೋದು. ಮುಂಚೆ ದಿನವಿಡೀ ನಾಡಿ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದೆ, ಕೌನ್ಸೆಲರ್ ಅದನ್ನ ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲಕ್ಕೆ ಇಳಿಸೋಕೆ ಹೇಳಿದ್ರು, ಎಲ್ಲಕ್ಕಿಂತ ಕಷ್ಟ ಆಗಿದ್ದು ಅದೇ. ಕಬ್ಬಿಣದ ಮಾತ್ರೆ ಶುರುವಾಯ್ತು, ಕಾಫಿ ಟೀ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಮಧ್ಯೆ ಗಂಟೆಗಳ ಅಂತರ ಬೇಕು. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗೆ ಇರ್ಬೇಕು ಅಂತಾರೆ, ನಾನು ಮಧ್ಯಾಹ್ನದ ಮೇಲೆ ಕುಡಿಯೋದನ್ನೇ ಬಿಟ್ಟೆ. ಹಿಮೋಗ್ಲೋಬಿನ್ ಏರಿದ ಹಾಗೆ ಓಡೋ ಬಡಿತ ಬಹಳ ಕಮ್ಮಿಯಾಯ್ತು. ಧಡ್ ಅನ್ನೋದು ಕೊನೇವರೆಗೂ ಬಂದು ಹೋಗ್ತಾನೇ ಇತ್ತು, ಅದು ಬಂದಾಗ ಓ ಇದು ಮುಂಚೆ ಬಂದ ಬಡಿತ ಅಂತ ಬಾಯಲ್ಲೇ ಹೇಳ್ಕೊಳ್ತಿದ್ದೆ. ಆಂಗ್ಸೈಟಿಗೆ ಮೊದ್ಲಿಂದ ಮಾತ್ರೆ ತಗೊಳ್ತಿರೋರು ಬಸುರಿ ಅಂತ ಗೊತ್ತಾದ ತಕ್ಷಣ ತಾವಾಗೇ ನಿಲ್ಲಿಸೋದು ಬೇಡ, ಡಾಕ್ಟ್ರನ್ನ ಕೇಳಿ.

ನನ್ನದು ನಾರ್ಮಲ್ ಆಯ್ತು ಅಂತ ನಿಮ್ಮದೂ ನಾರ್ಮಲ್ ಅಂತ ನಾನು ಹೇಳೋಕಾಗಲ್ಲ. ಎದೆ ಹೊಡ್ಕೊಳ್ಳೋದ್ರ ಜೊತೆ ಎದೆ ನೋವು, ಎಚ್ರ ತಪ್ಪೋದು, ಚಪ್ಪಟೆ ಮಲಗೋಕೇ ಆಗ್ದಷ್ಟು ಉಸಿರಾಟದ ತೊಂದ್ರೆ, ಕೆಮ್ಮಿದಾಗ ರಕ್ತ, ಒಂದೇ ಕಾಲು ಊದಿ ನೋವು, ಸುಮ್ನೆ ಕೂತಿದ್ರೂ ಇಳೀದೇ ಓಡ್ತಾನೇ ಇರೋ ಬಡಿತ, ಇದ್ರಲ್ಲಿ ಯಾವುದಿದ್ರೂ ಉಸಿರಾಟದ ಅಭ್ಯಾಸ ಮಾಡ್ತಾ ಕೂರ್ಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಒಬ್ರು ಕೇಳಿಸ್ಕೊಳ್ಳಲಿಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗಿ.

ಮಗಳು ಹುಟ್ಟಿದ್ಲು, ಆರೋಗ್ಯವಾಗಿದಾಳೆ. ಹೆರಿಗೆ ಟೈಮಲ್ಲಿ ಹೋಲ್ಟರ್ ರಿಪೋರ್ಟ್ ಮತ್ತೆ ಎಕೋ ರಿಪೋರ್ಟ್ ಎರಡೂ ಫೈಲಿನ ಮೇಲೇ ಇಟ್ಟಿದ್ದೆ, ಡ್ಯೂಟಿ ಡಾಕ್ಟ್ರು ಬದಲಾದಾಗೆಲ್ಲಾ ನನ್ನ ಗಂಡ ಅದನ್ನ ತೋರ್ಸಿ ಇವ್ಳಿಗೆ ಗಾಬರಿ ಆಗುತ್ತೆ, ಏನ್ ಮಾಡೋದಿದ್ರೂ ಮೊದ್ಲು ಬಾಯಲ್ಲಿ ಹೇಳಿ ಆಮೇಲೆ ಮಾಡಿ ಅಂತ ಕೇಳ್ಕೊಳ್ತಿದ್ರು. ಎಲ್ರೂ ಹಾಗೇ ಮಾಡಿದ್ರು. ಎದೆ ಹೊಡ್ಕೊಳ್ಳೋದು ಈಗ ಅಪರೂಪ. ಭಯ ಪೂರ್ತಿ ಹೋಗಿಲ್ಲ, ಕೌನ್ಸೆಲರ್ ಹತ್ರ ಹೋಗೋದು ನಿಲ್ಲಿಸಿಲ್ಲ, ಈಗ ಮಗೂನ ಮಡಿಲಲ್ಲಿ ಇಟ್ಕೊಂಡೇ ಹೋಗ್ತೀನಿ. ಹೆರಿಗೆ ಆದ್ಮೇಲಿನ ತಿಂಗಳುಗಳಲ್ಲಿ ಕೆಲವ್ರಿಗೆ ಥೈರಾಯ್ಡ್ ಏರುಪೇರಾಗಿ ಎದೆ ಹೊಡ್ಕೊಳ್ಳೋದು ಮತ್ತೆ ಶುರುವಾಗೋದಿದೆ, ಅದಕ್ಕೆ ಮುಂದಿನ ಚೆಕಪ್‌ನಲ್ಲಿ ಆ ಟೆಸ್ಟ್ ಇನ್ನೊಂದ್ಸಲ ಮಾಡ್ಸೋಕೆ ಬರ್ಕೊಟ್ಟಿದಾರೆ.