ಕೆಂಪಾದ ಸಿ ಡ್ರೈವ್

ಮೇ ತಿಂಗಳ ಲಗ್ನಸರಾಯಿಯಲ್ಲಿ ವಿಜಯಪುರದ ಡಿಟಿಪಿ ಅಂಗಡಿಗಳಿಗೆ ಊಟಕ್ಕೂ ಬಿಡುವಿರುವುದಿಲ್ಲ. ಅಂಥದೊಂದು ಮಧ್ಯಾಹ್ನ, ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಎಂದು ತಲೆಬರಹ ಕೂಡಿಸಿ ಮುಗಿಸಿದ ಲಗ್ನಪತ್ರಿಕೆ ಸೇವ್ ಆಗಲೇ ಇಲ್ಲ. ತೆರೆದು ನೋಡಿದರೆ ಸಿ ಡ್ರೈವ್‌ನ ಪಟ್ಟಿ ಪೂರ್ತಿ ಕೆಂಪು. 256 ಜಿಬಿ ಎಂದು ಕೊಂಡ, ವಿಂಡೋಸ್ 238 ಎಂದು ತೋರಿಸುವ, ಹಾರ್ಡ್‌ಡಿಸ್ಕ್ ಬದಲು ಚಿಪ್‌ಗಳಲ್ಲಿ ಕಡತ ಇಡುವ ಎಸ್‌ಎಸ್‌ಡಿಯಲ್ಲಿ ಉಳಿದದ್ದು 300 ಎಂಬಿ! ಪತ್ರಿಕೆಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆನಾದರೂ ಪ್ರಿಂಟರ್ ಅಲುಗಲಿಲ್ಲ. ಬೆಂಚಿನ ಮೇಲೆ ತಿಕೋಟಾ ಕಡೆಯ ಹಿರಿಯರೊಬ್ಬರು ಕರಡು ಪ್ರತಿಗಾಗಿ ಕಾಯುತ್ತಿದ್ದರು. “ಸಾವಕಾಶ ಮಾಡು ತಂಗಿ, ಬಸ್ಸು ಐದಕ್ಕಿದೆ” ಎಂದರು.

ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಟೆಂಪರರಿ ಫೈಲ್ಸ್ ತೆರೆದೆ. ಹಿಂದಿನ ವಾರವಷ್ಟೇ ವಿಂಡೋಸ್ 11ಕ್ಕೆ ಏರಿಸಿದ್ದೆ. ಹಳೆಯ ವಿಂಡೋಸ್ ಇನ್ನೂ 22 ಜಿಬಿ ಹಿಡಿದು ಕುಳಿತಿತ್ತು. ಹತ್ತು ದಿನವಾದರೆ ಅದು ತಾನಾಗಿ ಹೋಗುತ್ತದೆ, ನನಗೆ ಹತ್ತು ನಿಮಿಷವೂ ಇರಲಿಲ್ಲ. ಹಳೆಯದಕ್ಕೆ ಮರಳುವ ದಾರಿ ಮುಚ್ಚುತ್ತದೆಂದು ಗೊತ್ತಿದ್ದೇ ಗುರುತು ಹಾಕಿದೆ. ರೀಸೈಕಲ್ ಬಿನ್‌ಗೂ ಹಾಕಿದೆ. ಅದೇ ಓಟದಲ್ಲಿ ಬಾಣ ‘ಡೌನ್‌ಲೋಡ್ಸ್’ ಮೇಲೆ ಬಂತು: 41 ಜಿಬಿ. ಒತ್ತಲು ಹೋದ ಬೆರಳು ನಿಂತಿತು.

ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರಗಳೆಲ್ಲ ಇರುವುದು ಅಲ್ಲಿಯೇ. ಹಳೆಯ ಹಾರ್ಡ್‌ಡಿಸ್ಕ್ ಇದ್ದಾಗ ಹೀಗೇ ಅಳಿಸಿದ ಫೋಲ್ಡರ್ ಒಂದನ್ನು ರಿಕವರಿ ತಂತ್ರಾಂಶದಿಂದ ಮರಳಿ ತೆಗೆದಿದ್ದೆ. ಎಸ್‌ಎಸ್‌ಡಿಯಲ್ಲಿ ಆ ಭರವಸೆ ಇಲ್ಲ. ಅದು ‘ಪುಟ’ ಎಂಬ ಚಿಕ್ಕ ತುಣುಕುಗಳ ಲೆಕ್ಕದಲ್ಲಿ ಬರೆಯುತ್ತದೆ, ಆದರೆ ಅಳಿಸುವುದು ಹಲವು ಪುಟಗಳ ಬ್ಲಾಕ್ ಲೆಕ್ಕದಲ್ಲಿ. ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಹಾಗಾಗಿ ನಾವು ಕಡತ ಅಳಿಸಿದ ಕೂಡಲೇ ವಿಂಡೋಸ್ ‘ಇವು ಇನ್ನು ಬೇಡ’ ಎಂದು ಟ್ರಿಮ್ ಆದೇಶದ ಮೂಲಕ ತಿಳಿಸುತ್ತದೆ, ಡ್ರೈವ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ಒರೆಸಿಬಿಡುತ್ತದೆ. ಕಣದಲ್ಲಿ ಜಾಗವಿದ್ದರೆ ತಾನೇ ರಾಶಿ ಮಾಡುವುದು? ತುಂಬಿದ ಎಸ್‌ಎಸ್‌ಡಿ ಚಿಕ್ಕದೊಂದನ್ನು ಬರೆಯಲೂ ಇದ್ದದ್ದನ್ನು ಅತ್ತಿತ್ತ ಸರಿಸಬೇಕು. ವೇಗವೂ ಕುಗ್ಗುತ್ತದೆ, ಸವೆತವೂ ಹೆಚ್ಚುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಬಿಡಬೇಕೆಂದು ಹೇಳುವುದು ಇದಕ್ಕೇ. ನಾನು ಅದನ್ನು ವರ್ಷಗಟ್ಟಲೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಡೌನ್‌ಲೋಡ್ಸ್ ಬಿಟ್ಟು ಹಳೆಯ ವಿಂಡೋಸ್, ರೀಸೈಕಲ್ ಬಿನ್ ಎರಡನ್ನೇ ಅಳಿಸಿದೆ. ಅವೆರಡರಿಂದಲೇ 30 ಜಿಬಿ ತೆರವಾಯಿತು, ಪ್ರಿಂಟರ್ ಎದ್ದಿತು. ಹಿರಿಯರು ಕರಡಿನ ಪ್ರತಿ ಸಾಲಿನ ಕೆಳಗೂ ಬೆರಳು ಸರಿಸುತ್ತ ಓದಿ, ಸೋದರಮಾವನ ಹೆಸರಿನಲ್ಲಿ ಬಿಟ್ಟುಹೋದ ಒಂದು ಒತ್ತಕ್ಷರ ಹಿಡಿದುಕೊಟ್ಟು, ತಿದ್ದಿದ ಪ್ರತಿ ಹಿಡಿದು ಬಸ್ಸಿಗೆ ಹೋದರು.

ಸಂಜೆ ಬಾಗಿಲು ಅರ್ಧ ಎಳೆದು ಡೌನ್‌ಲೋಡ್ಸ್ ಮುಂದೆ ಕುಳಿತೆ. ಗಾತ್ರದ ಪ್ರಕಾರ ಜೋಡಿಸಿದಾಗ ಒಂದೇ ಮದುವೆಯ ವಿಡಿಯೊ ಮೂರು ಸಲ ಇಳಿದದ್ದು ಕಂಡಿತು. ಇನ್‌ಸ್ಟಾಲ್ ಮಾಡಿ ಮರೆತ ತಂತ್ರಾಂಶಗಳೂ ಇದ್ದವು. ಅವನ್ನು ಯೋಚಿಸದೆ ತೆಗೆದೆ. ಚಿತ್ರಗಳನ್ನು ಮಾತ್ರ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಿ, ಅಲ್ಲಿ ತೆರೆದು ನೋಡಿದ ಮೇಲೆಯೇ ಇಲ್ಲಿ ಅಳಿಸಿದೆ. ಡಿಫ್ರ್ಯಾಗ್ ಮಾಡು, ಅಂದರೆ ಕಡತಗಳ ಚದುರಿದ ತುಣುಕುಗಳನ್ನು ಒಂದೆಡೆ ಜೋಡಿಸು ಎಂದು ಪರಿಚಯದವರು ಹೇಳುತ್ತಿದ್ದರು. ಎಸ್‌ಎಸ್‌ಡಿಗೆ ಅದರಿಂದ ಲಾಭವಿಲ್ಲ, ಬರೆಯುವ ಹೊರೆಯಷ್ಟೇ. ವಿಂಡೋಸ್‌ನ ಆಪ್ಟಿಮೈಸ್ ಒತ್ತಿದೆ, ಅದು ಟ್ರಿಮ್ ಕಳಿಸಿ ಸುಮ್ಮನಾಯಿತು. ಖಾಲಿ ಜಾಗ 70 ಜಿಬಿ ದಾಟಿತು.

ಕೊನೆಗೆ ಒಂದು ಚಿತ್ರ ಉಳಿಯಿತು. ಇಳಕಲ್ ಸೆರಗು ತಲೆಯ ಮೇಲೆ ಹೊದ್ದ ಅಜ್ಜಿ, ಎಡಗಿವಿಯ ಬಳಿ ಹರಿದ ಗೆರೆ. ಪುಣ್ಯಸ್ಮರಣೆಯ ಪತ್ರಿಕೆಗೆಂದು ಮೊಮ್ಮಗ ಕಳಿಸಿದ್ದ. ಆ ಗೆರೆ ಅಳಿಸಲು ನನಗೆ ಒಂದು ರಾತ್ರಿ ಹಿಡಿದಿತ್ತು. ಕಡತಕ್ಕೆ ಇನ್ನೂ ‘ವಾಟ್ಸಾಪ್ ಇಮೇಜ್’ ಎಂಬುದರ ಮುಂದೆ ದಿನಾಂಕವೇ ಹೆಸರಾಗಿತ್ತು. ಹಳೆಯ ಪತ್ರಿಕೆ ಹುಡುಕಿ ತೆಗೆದು, ಅಜ್ಜಿಯ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ.