ಕೋಡಿಬೆಂಗ್ರೆಗೆ ಗಾಳ ಹಿಡಿದು ಹೊರಟಿದ್ದೀರಾ? ಗಂಟು ಹಾಕೋದನ್ನ ಮನೆಯಲ್ಲೇ ಕಲಿತು ಹೋಗಿ

ಡಿಸೆಂಬರ್‌ನಲ್ಲಿ ಮೂರು ದಿನ ಕೋಡಿಬೆಂಗ್ರೆಯಲ್ಲಿದ್ದೆ. ಉಡುಪಿ ಜಿಲ್ಲೆಯ ಈ ಊರಿಗೆ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ. ಊರು ಮುಗಿಯುವಲ್ಲಿ ಸೀತಾ, ಸ್ವರ್ಣಾ ನದಿಗಳು ಒಟ್ಟಿಗೆ ಕಡಲು ಸೇರುತ್ತವೆ. ಅಳಿವೆಯ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಎಸೆದು ಬಾರಮುಂಡಿ ಅನ್ನೋ ಮೀನು ಹಿಡಿಯಬೇಕು ಅನ್ನೋದು ಬಹಳ ದಿನದ ಆಸೆ.

ದಾರಿ ಸುಲಭ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಉಡುಪಿ. ಅಲ್ಲಿಂದ ಕೆಮ್ಮಣ್ಣು, ಹೂಡೆ ದಾಟಿ ಹೋಗಬೇಕು. ಹೊರಡುವ ಮೊದಲು ಭರತ–ಇಳಿತದ ಸಮಯ ನೋಡಿಕೊಳ್ಳಿ, ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಇಳಿಯುವಾಗ ಕಾಂಡ್ಲಾ ಬೇರುಗಳ ಸಂದಿಯಲ್ಲಿದ್ದ ಸಿಗಡಿ, ಸಣ್ಣ ಮೀನು ಹೊರಗೆ ಬರುತ್ತವೆ. ದೊಡ್ಡ ಮೀನು ಆ ಸಂದಿಗಳ ಬಾಯಲ್ಲೇ ಕಾಯುತ್ತಿರುತ್ತದೆ. ದೋಣಿಯವರ ಹತ್ತಿರ ಮಾತಾಡುವಾಗಲೂ ಗಡಿಯಾರದ ಲೆಕ್ಕ ಬೇಡ, ಇಳಿತದ ಲೆಕ್ಕದಲ್ಲೇ ಮಾತಾಡಿ.

ಮೊದಲ ದಿನ ಒಂದು ಮೀನೂ ಮುಟ್ಟಲಿಲ್ಲ. ಜಾಗ ಸರಿ ಇತ್ತು, ನೀರು ಸರಿ ಇತ್ತು. ಸಂಜೆ ದಡದ ಹತ್ತಿರ ಮೊಣಕಾಲುದ್ದದ ತಿಳಿ ನೀರಿನಲ್ಲಿ ಲೂರ್ ಎಳೆದು ನೋಡಿದೆ. ಜಿಗ್ ಹೆಡ್‌ಗೆ, ಅಂದರೆ ತಲೆಯಲ್ಲಿ ತೂಕ ಇರುವ ಗಾಳಕ್ಕೆ, ಸಿಕ್ಕಿಸಿದ ರಬ್ಬರ್ ಸಿಗಡಿ ಅದು. ಎಳೆದರೆ ಕಡ್ಡಿ ಎಳೆದ ಹಾಗೆ ನೇರ ಬಂತು. ನಿಲ್ಲಿಸಿದರೆ ಒಂದು ಪಕ್ಕಕ್ಕೆ ವಾಲಿ ಮುಳುಗಿತು. ಹತ್ತಿರ ಹಿಡಿದು ನೋಡಿದರೆ ಬಿಗಿಯಾಗಿ ಕೂರುವ ಕ್ಲಿಂಚ್ ಗಂಟು ಲೂರ್‌ನ ಕಣ್ಣಿನ (ದಾರ ಕಟ್ಟುವ ಬಳೆಯ) ಒಂದು ಬದಿಗೆ ಜಾರಿ ಕಚ್ಚಿಕೊಂಡಿತ್ತು. ಲೀಡರ್ ಅಂದರೆ ಲೂರ್‌ಗೂ ಮುಖ್ಯ ದಾರಕ್ಕೂ ನಡುವೆ ಕಟ್ಟುವ ದಪ್ಪ ದಾರ. 40 ಪೌಂಡ್ ಭಾರ ತಾಳುವ ಲೀಡರ್ ತಂತಿಯಷ್ಟೇ ಬಿರುಸು. ಅದನ್ನು ಕಣ್ಣಿಗೆ ಬಿಗಿದು ಕಟ್ಟಿದರೆ ಲೂರ್ ತಲೆ ಅಲ್ಲಾಡಿಸೋಕೆ ಜಾಗವೇ ಇರುವುದಿಲ್ಲ.

ಅದೇ ಲೂರ್, ಅದೇ ಲೀಡರ್. ಗಂಟು ಮಾತ್ರ ಕತ್ತರಿಸಿ ಕುಣಿಕೆ ಗಂಟು ಹಾಕಿದೆ. ಈಗ ಸಿಗಡಿ ಮೂಗು ಕೆಳಗೆ ಮಾಡಿ ಇಳಿಯಿತು, ಒಂದು ಸಣ್ಣ ಜಗ್ಗಿಗೆ ಮೇಲೆ ಚಿಮ್ಮಿತು.

ಇದಕ್ಕೆ ನಾನ್-ಸ್ಲಿಪ್ ಲೂಪ್ ಅಂತಾರೆ. ತುದಿಯಿಂದ ಒಂದು ಗೇಣು ಬಿಟ್ಟು ಲೀಡರ್‌ಗೆ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ತುದಿಯನ್ನು ಲೂರ್ ಕಣ್ಣಿಗೆ ಪೋಣಿಸಿ. ಆ ಸಡಿಲ ಗಂಟಿನಿಂದ ತುದಿ ಯಾವ ಬದಿಯಲ್ಲಿ ಹೊರಗೆ ಬಂದಿತ್ತೋ ಅದೇ ಬದಿಯಿಂದ ಒಳಗೆ ವಾಪಸ್ ತನ್ನಿ. ಬದಿ ತಪ್ಪಿದರೆ ಗಂಟು ಸರಿಯಾಗಿ ಕೂರುವುದಿಲ್ಲ. ಆಮೇಲೆ ಗಂಟನ್ನು ಲೂರ್ ಕಡೆಗೆ ಸರಿಸಿ. ಕುಣಿಕೆಯ ಅಳತೆ ಇಲ್ಲೇ ತೀರ್ಮಾನವಾಗುತ್ತದೆ. ಕಡಲೆಕಾಳು ತೂರುವಷ್ಟಿದ್ದರೆ ಸಾಕು, ಜಾಸ್ತಿ ದೊಡ್ಡದಾದರೆ ಗಾಳಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಈಗ ತುದಿಯನ್ನು ಗಂಟಿನ ಆಚೆಗಿರುವ ಲೀಡರ್‌ನ ಸುತ್ತ ಸುತ್ತಿ. 40 ಪೌಂಡ್‌ಗೆ 4 ಸುತ್ತು, 10 ಪೌಂಡ್‌ನಂಥ ಸಪೂರ ದಾರಕ್ಕೆ 5. ಮತ್ತೆ ಅದೇ ಸಾದಾ ಗಂಟಿನೊಳಗೆ ಬಂದ ಬದಿಯಿಂದಲೇ ತೂರಿಸಿ.

ಬಿಗಿಯುವ ಮೊದಲು ಎಂಜಲು ಹಚ್ಚಿ. ಇದನ್ನು ಬಿಡಲೇಬೇಡಿ. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಸುತ್ತುಗಳು ಒಂದರ ಪಕ್ಕ ಒಂದು ಕೂರುವ ತನಕ ತುದಿಯನ್ನು ನಿಧಾನ ಎಳೆಯಿರಿ, ಕೊನೆಗೆ ಲೂರ್ ಮತ್ತು ದಾರ ಎರಡನ್ನೂ ಹಿಡಿದು ಗಟ್ಟಿಯಾಗಿ ಜಗ್ಗಿ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ, ಬೇಜಾರು ಮಾಡಿಕೊಳ್ಳಬೇಡಿ.

ಲೂರ್ ಮೂಗಿಗೆ ಸ್ಪ್ಲಿಟ್ ರಿಂಗ್ (ಕೀ ಗೊಂಚಲಿನಲ್ಲಿರುವಂಥ ಬಳೆ) ಇದ್ದರೆ ಅಷ್ಟು ತೊಂದರೆ ಇಲ್ಲ, ರಿಂಗೇ ಕುಣಿಕೆಯ ಕೆಲಸ ಮಾಡುತ್ತದೆ. ಆದರೆ ಗಂಟು ರಿಂಗಿನ ಸೀಳಿಗೆ ಜಾರದಂತೆ ನೋಡಿಕೊಳ್ಳಿ, ಅಲ್ಲಿನ ಅಂಚು ದಾರ ಕೊಯ್ಯುತ್ತದೆ.

ಎರಡನೇ ದಿನ ಒಂದು ಒಳ್ಳೆ ಮೀನು ಕಳಕೊಂಡೆ. ಬ್ರೇಡ್ ದಾರವನ್ನು (ಎಳೆ ಹೆಣೆದ ಮುಖ್ಯ ದಾರ) ಲೀಡರ್‌ಗೆ ಸೇರಿಸುವ ಎಫ್‌ಜಿ ಅನ್ನೋ ಗಂಟನ್ನು ಇನ್ನೂ ಬೆಳಕು ಹರಿಯದಾಗ ದೋಣಿಯಲ್ಲಿ ಕೂತು ಹಾಕಿದ್ದೆ. ಬ್ರೇಡ್ ನುಣುಪು, ಸುತ್ತುಗಳು ಲೀಡರ್‌ಗೆ ಕಚ್ಚದಿದ್ದರೆ ಜಾರಿ ಬರುತ್ತದೆ. ಹಾಗೇ ಆಯಿತು. ತುಂಡಾಗಿದ್ದರೆ ಲೀಡರ್ ತುದಿ ಸಿಗುತ್ತಿತ್ತು, ಕೈಗೆ ಬಂದಿದ್ದು ಸುರುಳಿಯಾದ ಬ್ರೇಡ್ ಮಾತ್ರ. ಬಾಯಲ್ಲಿ ಗಾಳ ಹೊತ್ತು ಹೋದ ಆ ಮೀನು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈ ಗಂಟನ್ನು ರೂಮಿನಲ್ಲೇ, ಬೆಳಕಿನಲ್ಲಿ, 20 ಸುತ್ತು ಎಣಿಸಿ ಹಾಕಿಕೊಂಡು ಹೋಗಿ. ದೋಣಿಯಲ್ಲಿ ಕಟ್ಟೋಕೆ ಕುಣಿಕೆ ಗಂಟೊಂದೇ ಉಳಿಯಲಿ.

ಮೂರನೇ ದಿನ ಬೆಳಿಗ್ಗೆ ಕುಣಿಕೆಯಲ್ಲಿ ಆಡುತ್ತಿದ್ದ ಅದೇ ಸಿಗಡಿಗೆ ಮೊಳದುದ್ದದ ಬಾರಮುಂಡಿ ಬಿತ್ತು. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರುತ್ತದೆ, ಬರಿಗೈಯಲ್ಲಿ ಅಲ್ಲಿ ಹಿಡಿಯಬೇಡಿ. ಮೀನು ಬಿಟ್ಟ ಮೇಲೆ ಲೀಡರ್ ಮೇಲೆ ಉಗುರು ಆಡಿಸಿದೆ. ಕೊನೆಯ ಒಂದು ಗೇಣು ತರಿತರಿ. ಕತ್ತರಿಸಿ ಹೊಸದಾಗಿ ಕಟ್ಟಿದೆ, ತುಂಡನ್ನು ಜೇಬಿಗೆ ಹಾಕಿಕೊಂಡೆ. ನೈಲ್ ಕಟರ್ ಒಂದನ್ನು ಕುತ್ತಿಗೆಗೆ ನೇತು ಹಾಕಿಕೊಂಡೇ ದೋಣಿ ಹತ್ತಿ. ದಾರದ ಚೂರುಗಳನ್ನು ಹೊಳೆಗೆ ಎಸೆಯಬೇಡಿ, ಕಾಂಡ್ಲಾದಲ್ಲಿ ಕೂರುವ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.